ಕೋವಿ ಲೈಸೆನ್ಸ್ ಇದೆ, ಬೇಟೆ ಲೈಸೆನ್ಸ್ ಸಿಗುತ್ತದೆಯೇ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಖಾನಾಪುರ ತಾಲೂಕು. ಹದಿನೇಳು ವರ್ಷದಿಂದ ಪುಣೆಯಲ್ಲಿದ್ದೇನೆ, ಚಿಂಚ್‌ವಡದಲ್ಲಿ ಚಿಕ್ಕ ವರ್ಕ್‌ಶಾಪ್ ಇದೆ. ಅಪ್ಪನ 12 ಬೋರ್ ಜೋಡುನಳಿಗೆ ಬಂದೂಕು ಈಗ ನನ್ನ ಹೆಸರಿನಲ್ಲಿದೆ. ಲೈಸೆನ್ಸ್ ಆತ್ಮರಕ್ಷಣೆಗೆ ಅಂತ ಇದೆ, ಇನ್ನೂ ಚಾಲ್ತಿಯಲ್ಲಿದೆ. ಹೆಂಡತಿ ಕಡೆಯಿಂದ ಬಂದ ಮೂರು ಎಕರೆ ಜಮೀನು ಮುಳಶಿ ತಾಲೂಕಿನಲ್ಲಿದೆ. ಭತ್ತ, ಶೇಂಗಾ ಹಾಕುತ್ತೇವೆ. ಎರಡು ವರ್ಷದಿಂದ ಕಾಡುಹಂದಿ ಕಾಟ ತಡೆಯೋಕೆ ಆಗುತ್ತಿಲ್ಲ. ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಶೇಂಗಾ ಹೋಯಿತು. ಊರಿನವರು 'ನಿಮ್ಮ ಹತ್ತಿರ ಬಂದೂಕು ಇದೆಯಲ್ಲ, ಹೊಡೀರಿ' ಅನ್ನುತ್ತಾರೆ. ಜರ್ಮನಿಯಲ್ಲಿರುವ ನನ್ನ ತಮ್ಮ, 'ಇಲ್ಲಿ ಪರೀಕ್ಷೆ ಪಾಸಾದರೆ ಬೇಟೆ ಲೈಸೆನ್ಸ್ ಕೊಡ್ತಾರೆ, ನಿನಗೆ ಗನ್ ಲೈಸೆನ್ಸ್ ಆಗಲೇ ಇದೆ, ಅರ್ಧ ಕೆಲಸ ಮುಗಿದ ಹಾಗೆ' ಅನ್ನುತ್ತಾನೆ. ಒಬ್ಬ ಏಜೆಂಟ್ 35 ಸಾವಿರ ಕೊಟ್ಟರೆ ಲೈಸೆನ್ಸಿನಲ್ಲಿ 'ಸ್ಪೋರ್ಟ್' ಅಂತ ಸೇರಿಸಿಕೊಡುತ್ತೇನೆ, ಆಮೇಲೆ ಶಿಕಾರಿಗೆ ಯಾರೂ ಕೇಳಲ್ಲ ಅಂದ. ನಮ್ಮಜ್ಜನಿಗೆ ಬೇಟೆ ಪರ್ಮಿಟ್ ಇತ್ತು, ಆ ಕಾಗದ ಇನ್ನೂ ಮನೆಯಲ್ಲಿದೆ. ಬಂದೂಕಿನ ಲೈಸೆನ್ಸ್ ಇರುವವನು ಬೇಟೆ ಲೈಸೆನ್ಸ್ ಪಡೆಯಲು ಇನ್ನೇನು ಬೇಕು? ಸಿಗುವುದಿಲ್ಲ ಅಂದರೆ ನಾನೇನು ಮಾಡಲಿ?

ಉತ್ತರ: ಏಜೆಂಟನಿಗೆ ಇನ್ನೂ ದುಡ್ಡು ಕೊಟ್ಟಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ಕೊಡಬೇಡಿ. ಭಾರತದಲ್ಲಿ ಇವತ್ತು ಬೇಟೆ ಲೈಸೆನ್ಸ್ ಅನ್ನುವುದೇ ಇಲ್ಲ. ಪುಣೆಯಲ್ಲಿಲ್ಲ, ಖಾನಾಪುರದಲ್ಲಿಲ್ಲ, ಗೋವಾದಲ್ಲೂ ಇಲ್ಲ. ಇಲ್ಲದ ಲೈಸೆನ್ಸಿಗೆ ಅರ್ಜಿ ನಮೂನೆಯೂ ಇಲ್ಲ, ಫೀಸೂ ಇಲ್ಲ, ಪರೀಕ್ಷೆಯೂ ಇಲ್ಲ.

ಆದರೆ ನಿಮ್ಮ ನಿಜವಾದ ಚಿಂತೆ ಬೇಟೆಯದ್ದಲ್ಲ, ಶೇಂಗಾ ಹೊಲದ್ದು ಅಲ್ವಾ? ಅದಕ್ಕೆ ಕಾನೂನಿನಲ್ಲಿ ದಾರಿ ಇದೆ. ದಾರಿ ಸ್ವಲ್ಪ ಉದ್ದ. ಅದರಲ್ಲಿ ನಿಮ್ಮ ಬಂದೂಕಿನ ಪಾತ್ರ ನೀವು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು. ನಾನು ಇಪ್ಪತ್ತೆರಡು ವರ್ಷದಿಂದ ಪುಣೆಯ ಕೋರ್ಟುಗಳಲ್ಲಿ ವಕೀಲಿಕೆ ಮಾಡುತ್ತಿದ್ದೇನೆ. ಆಯುಧ ಲೈಸೆನ್ಸ್ ಮತ್ತು ಅರಣ್ಯ ಕೇಸುಗಳು ನನ್ನ ಕೆಲಸದ ದೊಡ್ಡ ಭಾಗ. ಇದೇ ಪ್ರಶ್ನೆಯನ್ನು ಕನ್ನಡ ಸಂಘದ ಕಾರ್ಯಕ್ರಮ ಮುಗಿದು ಟೀ ಕುಡಿಯುವಾಗಲೂ ನನಗೆ ಕೇಳಿದ್ದಾರೆ. ಕೇಳಿದವರೆಲ್ಲ ಒಳ್ಳೆಯವರು, ಬೆಳೆ ಕಳೆದುಕೊಂಡವರು. ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಮೊದಲು ಅಜ್ಜನ ಕಾಗದದ ವಿಷಯ. ಅದು ಸುಳ್ಳಲ್ಲ. 1956ರ ತನಕ ಖಾನಾಪುರ ಮುಂಬಯಿ ರಾಜ್ಯದಲ್ಲಿತ್ತು. ಆಗ 1951ರ ಮುಂಬಯಿ ಕಾಡುಪ್ರಾಣಿ ಮತ್ತು ಕಾಡುಹಕ್ಕಿ ರಕ್ಷಣಾ ಕಾಯ್ದೆ ಜಾರಿಯಲ್ಲಿತ್ತು. ಲೈಸೆನ್ಸ್ ತೆಗೆದುಕೊಂಡು ಬೇಟೆ ಆಡಬಹುದಿತ್ತು. ನನ್ನ ಹತ್ತಿರ ಬಂದ ಒಬ್ಬರು ಅಂಥದ್ದೇ ಒಂದು ಕಾಗದ ತೋರಿಸಿದ್ದರು. ನಾಲ್ಕು ಮಡಿಕೆಯ ಹಳದಿ ಹಾಳೆ, ಮಡಿಕೆ ಇರುವಲ್ಲೆಲ್ಲ ತೂತು. ನೀಲಿ ಶಾಯಿಯಲ್ಲಿ ಅವರಜ್ಜನ ಹೆಸರು, ಕೆಳಗೆ ಸಾಹೇಬರ ಸಹಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಇದನ್ನು ರಿನ್ಯೂ ಮಾಡಿಸಬಹುದಾ ಅಂತ ಕೇಳಿದ್ದರು.

ಆಗುವುದಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆ ಕಾಯ್ದೆಯೂ ಶುರುವಿನಲ್ಲಿ ಬೇಟೆಯನ್ನು ಪೂರ್ತಿ ನಿಲ್ಲಿಸಿರಲಿಲ್ಲ. ಹುಲಿಯಂಥ ಪ್ರಾಣಿಗಳನ್ನು ಮುಟ್ಟುವ ಹಾಗಿರಲಿಲ್ಲ. ಉಳಿದವಕ್ಕೆ ದೊಡ್ಡ ಬೇಟೆ, ಸಣ್ಣ ಬೇಟೆ, ಬಲೆ ಹಾಕಿ ಹಿಡಿಯುವುದು ಅಂತ ಬೇರೆ ಬೇರೆ ಲೈಸೆನ್ಸ್ ಇದ್ದವು. 1991ರ ತಿದ್ದುಪಡಿ ಆ ವ್ಯವಸ್ಥೆಯನ್ನೇ ತೆಗೆದುಹಾಕಿತು. ಈಗ ಕಲಂ 9 ಹೇಳುವುದು ಒಂದೇ ಮಾತು: ಕಾಯ್ದೆಗೆ ಲಗತ್ತಿಸಿದ ಪಟ್ಟಿಗಳಲ್ಲಿರುವ ಯಾವ ಕಾಡುಪ್ರಾಣಿಯನ್ನೂ ಯಾರೂ ಬೇಟೆಯಾಡುವಂತಿಲ್ಲ, ಕಲಂ 11 ಮತ್ತು 12ರಲ್ಲಿ ಹೇಳಿದ ಸಂದರ್ಭ ಬಿಟ್ಟು. ಕಲಂ 12 ಸಂಶೋಧನೆ, ಶಿಕ್ಷಣದಂಥ ಕೆಲಸಕ್ಕೆ, ನಿಮಗೆ ಸಂಬಂಧವಿಲ್ಲ. ಕಲಂ 11ಕ್ಕೆ ಆಮೇಲೆ ಬರುತ್ತೇನೆ, ನಿಮ್ಮ ದಾರಿ ಅಲ್ಲೇ ಇದೆ. ಅಜ್ಜನ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮನೆಯ ನೆನಪು ಅದು. ಅದರಿಂದ ಈಗ ಯಾವ ಹಕ್ಕೂ ಹುಟ್ಟುವುದಿಲ್ಲ.

ಇನ್ನು 'ಸ್ಪೋರ್ಟ್' ಅನ್ನುವ ಪದ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಏಜೆಂಟರು ಜನರನ್ನು ಬೀಳಿಸುವುದೇ ಇಲ್ಲಿ. 1959ರ ಆಯುಧ ಕಾಯ್ದೆಯ ಕಲಂ 13ರಲ್ಲಿ, ನಿಮ್ಮದರಂಥ ನಯನಳಿಗೆ (ನಳಿಗೆಯ ಒಳಭಾಗ ನುಣುಪಾಗಿರುವ) ಬಂದೂಕಿಗೆ ರಕ್ಷಣೆ ಅಥವಾ ಸ್ಪೋರ್ಟ್ ಕಾರಣಕ್ಕೆ ಲೈಸೆನ್ಸ್ ಕೊಡಬಹುದು ಅಂತ ಇದೆ. ಮದ್ದು ತುಂಬುವ ಕೇಪಿನ ಕೋವಿಗೆ ಬೆಳೆ ರಕ್ಷಣೆಯ ಕಾರಣವೂ ಇದೆ. ಈ ಕಾಯ್ದೆ ಬರೆದ ಕಾಲದಲ್ಲಿ ಸ್ಪೋರ್ಟ್ ಅಂದರೆ ಶಿಕಾರಿಯೂ ಸೇರಿತ್ತು. ಬ್ರಿಟಿಷರ ಕಾಲದಿಂದ ಬಂದ ಮಾತು ಅದು. 1991ರ ನಂತರ ಅದೇ ಪದಕ್ಕೆ ಉಳಿದಿರುವ ಅರ್ಥ ಗುರಿ ಹೊಡೆಯುವ ಆಟ ಮಾತ್ರ. ಕಾಗದದ ಮೇಲೆ ಪದ ಹಾಗೇ ಇದೆ, ಅದರ ಒಳಗಿದ್ದ ಅರ್ಧ ಅರ್ಥವನ್ನು ಇನ್ನೊಂದು ಕಾಯ್ದೆ ತೆಗೆದುಹಾಕಿದೆ. ನಿಮ್ಮ ಲೈಸೆನ್ಸಿನಲ್ಲಿ ಆ ಪದ ಸೇರಿದರೂ ಒಂದು ಮೊಲ ಹೊಡೆಯುವ ಹಕ್ಕೂ ಬರುವುದಿಲ್ಲ. 'ಬೆಳೆ ರಕ್ಷಣೆ' ಅಂತ ಬರೆದಿದ್ದರೂ ಅಷ್ಟೇ. ಅದು ಕೋವಿ ಇಟ್ಟುಕೊಳ್ಳಲು ಸರಕಾರ ಒಪ್ಪಿದ ಕಾರಣ. ಹಂದಿ ಕೊಲ್ಲಲು ಕೊಟ್ಟ ಅಪ್ಪಣೆ ಅಲ್ಲ.

ಒಂದು ಮಾತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಬಂದೂಕು ಇಟ್ಟುಕೊಳ್ಳುವುದಕ್ಕೆ ಒಂದು ಕಾಯ್ದೆ, ಪ್ರಾಣಿಯ ಜೀವಕ್ಕೆ ಇನ್ನೊಂದು ಕಾಯ್ದೆ. ಮೊದಲನೆಯದನ್ನು ನೋಡುವವರು ಪೊಲೀಸ್ ಕಮಿಷನರ್ ಅಥವಾ ಜಿಲ್ಲಾಧಿಕಾರಿ. ಎರಡನೆಯದನ್ನು ನೋಡುವವರು ಅರಣ್ಯ ಇಲಾಖೆಯವರು. ಒಬ್ಬರು ಕೊಟ್ಟ ಕಾಗದ ಇನ್ನೊಬ್ಬರ ಹತ್ತಿರ ನಡೆಯುವುದಿಲ್ಲ.

ಕೊಡಗಿನವರ ಉದಾಹರಣೆ ಕೊಟ್ಟು ಕೆಲವರು ವಾದ ಮಾಡುತ್ತಾರೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಅದನ್ನು 2029ರ ತನಕ ಮುಂದುವರಿಸಿತು. ಅದೂ ಕೋವಿಗೆ ಕೊಟ್ಟ ವಿನಾಯಿತಿಯೇ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಮಾಡಬಹುದು, ತೆಂಗಿನಕಾಯಿಗೆ ಗುರಿ ಇಡಬಹುದು. ಕಾಡುಹಂದಿ ಹೊಡೆದರೆ ಅವರ ಮೇಲೂ ಕೇಸ್ ಆಗುತ್ತದೆ.

ನಿಮ್ಮ ತಮ್ಮ ಹೇಳಿದ್ದು ಜರ್ಮನಿಯ ಮಟ್ಟಿಗೆ ಸರಿ. ಅಲ್ಲಿ ಬರೆಯುವ, ಬಾಯಿಮಾತಿನ, ಗುಂಡು ಹೊಡೆಯುವ ಪರೀಕ್ಷೆ ಪಾಸಾಗಿ ಬೇಟೆ ಪತ್ರ ಪಡೆಯುತ್ತಾರೆ. ಬಂದೂಕು ಬೇಕು ಅನ್ನುವುದಕ್ಕೆ ಆ ಪತ್ರವೇ ಕಾರಣವಾಗುತ್ತದೆ. ಅಂದರೆ ಅಲ್ಲಿನ ಕ್ರಮವೇ ತಿರುಗಾಮುರುಗ, ಮೊದಲು ಬೇಟೆ, ಆಮೇಲೆ ಬಂದೂಕು. ಅದನ್ನು ನಮ್ಮ ಕಾನೂನಿಗೆ ಜೋಡಿಸಲು ಹೋಗಬೇಡಿ.

ಈಗ ವನ್ಯಜೀವಿ ಕಾಯ್ದೆಯ ಕಲಂ 11. ಆ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಹಿಂದೆ ಮೂರನೇ ಪಟ್ಟಿಯಲ್ಲಿತ್ತು, ಹಳೆಯ ಪುಸ್ತಕ ನೋಡಿದವರು ಹಾಗೇ ಹೇಳುತ್ತಾರೆ. ಎರಡನೇ ಪಟ್ಟಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ ಅಪಾಯವಾಗಿದೆ ಅಂತ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ (ಚೀಫ್ ವೈಲ್ಡ್‌ಲೈಫ್ ವಾರ್ಡನ್) ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಗೆ ಮನವರಿಕೆಯಾದರೆ, ಕಾರಣ ಬರೆದು, ನಿಗದಿಯಾದ ಜಾಗದಲ್ಲಿ ಆ ಪ್ರಾಣಿಯನ್ನು ಅಥವಾ ಆ ಗುಂಪನ್ನು ಕೊಲ್ಲಲು ಯಾರಿಗಾದರೂ ಲಿಖಿತ ಅನುಮತಿ ಕೊಡಬಹುದು. ಆಸ್ತಿ ಅನ್ನುವುದರಲ್ಲಿ ಹೊಲದಲ್ಲಿ ನಿಂತ ಬೆಳೆಯೂ ಸೇರಿದೆ, ಕಾಯ್ದೆಯಲ್ಲೇ ಹಾಗೆ ಬರೆದಿದೆ. ನಿಮ್ಮ ಶೇಂಗಾ ಅದರೊಳಗೆ ಬರುತ್ತದೆ.

ಇದು ಲೈಸೆನ್ಸ್ ಅಲ್ಲ, ಆದೇಶ. ವ್ಯತ್ಯಾಸ ದೊಡ್ಡದು. ಲೈಸೆನ್ಸ್ ಮನುಷ್ಯನಿಗೆ ಕೊಡುವುದು, ವರ್ಷಗಟ್ಟಲೆ ಜೇಬಿನಲ್ಲಿರುತ್ತದೆ. ಈ ಆದೇಶ ಒಂದು ತೊಂದರೆಗೆ ಕೊಡುವುದು. ಇಂಥ ಊರು, ಇಂಥ ಪ್ರಾಣಿ, ಇಷ್ಟು ದಿನ, ಇಂಥವರು ಅಂತ ಇರುತ್ತದೆ. ಆ ಗೆರೆ ದಾಟಿದರೆ ಆದೇಶ ಕೈಯಲ್ಲಿದ್ದರೂ ಅಪರಾಧವೇ. ಪಕ್ಕದ ಸರ್ವೆ ನಂಬರಿನಲ್ಲಿ ಹೊಡೆದರೂ ಅಷ್ಟೇ, ಅವಧಿ ಮುಗಿದ ಮಾರನೇ ದಿನ ಹೊಡೆದರೂ ಅಷ್ಟೇ. ಸತ್ತ ಹಂದಿಯನ್ನು ನೀವು ಮನೆಗೆ ಒಯ್ಯುವಂತಿಲ್ಲ, ಹಂಚಿಕೊಳ್ಳುವಂತಿಲ್ಲ. ಅದನ್ನು ಅರಣ್ಯ ಇಲಾಖೆ ಹೇಳಿದ ಹಾಗೆ ವಿಲೇವಾರಿ ಮಾಡಬೇಕು. ಊರಿನವರು ಹೊಡೀರಿ ಅನ್ನುವಾಗ ಅರ್ಧ ಜನರ ಮನಸ್ಸಿನಲ್ಲಿ ಮಾಂಸವೂ ಇರುತ್ತದೆ, ಅದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ. ಅವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಆದೇಶ ಸಿಕ್ಕರೂ ಹೊಡೆಯುವವರು ನೀವೇ ಆಗಬೇಕಿಲ್ಲ. ಇಲಾಖೆಯವರೇ ಹೊಡೆಸಬಹುದು, ಅನುಭವ ಇರುವವರನ್ನು ಕರೆಸಬಹುದು. ಕೇರಳದಲ್ಲಿ 2022ರಲ್ಲಿ ಕಾಡುಹಂದಿ ಹೊಡೆಯಲು ಆದೇಶ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಕೊಟ್ಟರು. ಅಲ್ಲಿ ಬಂದೂಕು ಲೈಸೆನ್ಸ್ ಇರುವವರ ಪಟ್ಟಿ ಮಾಡಿ ಅವರಿಂದ ಹೊಡೆಸುತ್ತಾರೆ. ಲೈಸೆನ್ಸ್ ಇರುವುದು ಉಪಯೋಗಕ್ಕೆ ಬರುವುದು ಇಂಥ ಕಡೆ ಮಾತ್ರ, ಅದೂ ಆ ರಾಜ್ಯದ ಮಟ್ಟಿಗೆ. ಕೇರಳದ ವಿಡಿಯೋ ನೋಡಿ ಮುಳಶಿಯಲ್ಲಿ ಟ್ರಿಗರ್ ಒತ್ತಬೇಡಿ.

'ಕೇಂದ್ರ ಸರಕಾರ ಹಂದಿಯನ್ನು ಉಪದ್ರವಿ ಪ್ರಾಣಿ ಅಂತ ಘೋಷಣೆ ಮಾಡಿದೆ, ಯಾರು ಬೇಕಾದರೂ ಹೊಡೆಯಬಹುದು' ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಕಲಂ 62ರಲ್ಲಿ ಅಂಥ ಅಧಿಕಾರ ಇರುವುದು ನಿಜ. 2015–16ರಲ್ಲಿ ಬಿಹಾರದಲ್ಲಿ ನೀಲಗಾಯಿ ಮತ್ತು ಕಾಡುಹಂದಿ, ಉತ್ತರಾಖಂಡದಲ್ಲಿ ಕಾಡುಹಂದಿ, ಹಿಮಾಚಲದಲ್ಲಿ ಕೆಂಪು ಕೋತಿ, ಹೀಗೆ ಘೋಷಣೆ ಆಗಿತ್ತು. ಎಲ್ಲವೂ ಗೊತ್ತುಮಾಡಿದ ಪ್ರದೇಶಕ್ಕೆ, ಹೆಚ್ಚೆಂದರೆ ಒಂದು ವರ್ಷದ ಅವಧಿಗೆ. ಬಿಹಾರದ ಆ ಹಳೆಯ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದು, ದೇಶಕ್ಕೆಲ್ಲ ಅನುಮತಿ ಸಿಕ್ಕಿದೆ ಅನ್ನುವ ಹಾಗಾಗಿದೆ.

ಆದೇಶ ಇಲ್ಲದೆ ಹೊಡೆದರೆ ಏನಾಗುತ್ತದೆ? ನಾನು ನಡೆಸಿದ ಒಂದು ಕೇಸ್ ಹೇಳುತ್ತೇನೆ. ಊರು, ಹೆಸರು ಬೇಡ. ಆತ ಕಬ್ಬು ಬೆಳೆಗಾರ, ಲೈಸೆನ್ಸ್ ಇದ್ದ ಬಂದೂಕು. ಸತತ ಮೂರು ರಾತ್ರಿ ಹಂದಿ ಬಂದು ಕಬ್ಬು ಮುರಿದಿತ್ತು. ನಾಲ್ಕನೇ ರಾತ್ರಿ ಟಾರ್ಚ್ ಬೆಳಕಿನಲ್ಲಿ ಎರಡೂ ನಳಿಗೆ ಹಾರಿಸಿದರು. ಹಂದಿಗೆ ಏಟು ಬಿತ್ತು, ಬೀಳಲಿಲ್ಲ. ಪಕ್ಕದವರ ಬದುವಿನ ತನಕ ಓಡಿ ಅಲ್ಲಿ ಸತ್ತಿತು. ಬೆಳಿಗ್ಗೆ ಆರು ಗಂಟೆಗೆ ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಎಂಟು ಗಂಟೆಗೆ ವನರಕ್ಷಕರು ಬಂದರು. ಪಂಚನಾಮೆ (ಸ್ಥಳ ಮಹಜರು) ಆಯಿತು. ಬಂದೂಕು, ಉಳಿದ ಐದು ತೋಟಾ, ಹಾರಿಸಿದ ಎರಡು ತೋಟಾಗಳ ಖಾಲಿ ಕವಚ, ಟಾರ್ಚ್, ಹಂದಿ ಎತ್ತಿಹಾಕಲು ತಂದಿದ್ದ ಪಿಕಪ್ ಗಾಡಿ, ಎಲ್ಲ ಜಪ್ತಿ. ಅಪರಾಧಕ್ಕೆ ಬಳಸಿದ್ದು ಅಂತ ಜಪ್ತಿಯಾದ ಆಯುಧ, ವಾಹನ ಕಲಂ 39ರ ಪ್ರಕಾರ ಸರಕಾರದ ಸ್ವತ್ತಾಗುತ್ತದೆ.

ನಾಲ್ಕು ವರ್ಷ ಆದ ಮೇಲೆ ಕೋರ್ಟಿನಲ್ಲಿ ಆ ಬಂದೂಕನ್ನು ಮೇಜಿನ ಮೇಲೆ ಇಟ್ಟರು. ಟ್ರಿಗರ್ ಗಾರ್ಡಿಗೆ ಸುತಳಿಯಲ್ಲಿ ಕಟ್ಟಿದ ರಟ್ಟಿನ ಚೀಟಿ, ಅದರ ಮೇಲೆ ಅರಗಿನ ಮುದ್ರೆ. ನಳಿಗೆಯ ತುಂಬ ಕೆಂಪು ತುಕ್ಕು. ಹಿಡಿಯ ಮರ ಒಂದು ಕಡೆ ಸೀಳಿತ್ತು. ಅವರ ಅಪ್ಪ ಪ್ರತಿ ಭಾನುವಾರ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ ಬಂದೂಕಂತೆ ಅದು. ಆತ ಅದನ್ನು ನೋಡಿದವರು ತಲೆ ಕೆಳಗೆ ಹಾಕಿ ನಿಂತುಬಿಟ್ಟರು. ದಂಡ, ಜೈಲಿನ ಮಾತಿಗಿಂತ ಅದೇ ಅವರಿಗೆ ಜಾಸ್ತಿ ನೋವಾಯಿತು.

ಶಿಕ್ಷೆಯ ಲೆಕ್ಕವನ್ನೂ ಹೇಳಬೇಕು. ಎರಡನೇ ಪಟ್ಟಿಯ ಪ್ರಾಣಿಗೆ ಮೂರು ವರ್ಷದ ತನಕ ಜೈಲು ಅಥವಾ 1 ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಪ್ರಾಣಿ ಒಂದನೇ ಪಟ್ಟಿಯದ್ದಾದರೆ, ಅಥವಾ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಹೊಡೆದರೆ, ಮೂರು ವರ್ಷಕ್ಕೆ ಕಡಿಮೆ ಇಲ್ಲದೆ ಏಳು ವರ್ಷದ ತನಕ ಜೈಲು, ಜೊತೆಗೆ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಶಿಕ್ಷೆಯಾದರೆ ಬಂದೂಕಿನ ಲೈಸೆನ್ಸ್ ರದ್ದು ಮಾಡಿ, ಐದು ವರ್ಷ ಹೊಸ ಲೈಸೆನ್ಸಿಗೆ ಅರ್ಹತೆ ಇಲ್ಲ ಅಂತ ಕೋರ್ಟ್ ಆದೇಶಿಸಬಹುದು. ತೀರ್ಪಿನ ತನಕ ಕಾಯಬೇಕೆಂದೂ ಇಲ್ಲ. ಕೇಸ್ ಬಿದ್ದಿದೆ ಅಂತ ಪೊಲೀಸ್ ವರದಿ ಹೋದರೆ ರಿನ್ಯೂವಲ್ ಅಲ್ಲೇ ನಿಲ್ಲುತ್ತದೆ. ನನ್ನ ಕಕ್ಷಿದಾರರಿಗೆ ಆದದ್ದೂ ಅದೇ.

ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಂತಲೂ ತಿಳಿಯಬೇಡಿ. ಗುರಿ ತಪ್ಪಿದರೂ ಪ್ರಯತ್ನ ಮಾಡಿದ್ದು ಬೇಟೆಯೇ. ಉರುಳು ಹಾಕುವುದು, ವಿಷ ಇಡುವುದು, ಬೋನು ಇಡುವುದು, ಆಸೆ ತೋರಿಸಿ ಸೆಳೆಯುವುದು, ಸೋವುವುದು, ಎಲ್ಲವೂ ಕಲಂ 2ರ ವ್ಯಾಖ್ಯೆಯೊಳಗೆ ಬರುತ್ತದೆ. ಲೈಸೆನ್ಸ್ ಬೇಡದ ಏರ್‌ಗನ್‌ನಲ್ಲಿ ಕಾಡುಕೋಳಿ ಹೊಡೆದರೂ ಬೇಟೆಯೇ. ಆಯುಧಕ್ಕೆ ಲೈಸೆನ್ಸ್ ಬೇಡ ಅಂದರೆ ಹಕ್ಕಿಗೆ ರಕ್ಷಣೆ ಇಲ್ಲ ಅಂತ ಅರ್ಥವಲ್ಲ.

ಹಂದಿ ನಿಮ್ಮ ಮೈಮೇಲೆ ಬಿದ್ದರೆ? ಆಗ ಮಾತು ಬೇರೆ. ನಿಮ್ಮ ಅಥವಾ ಇನ್ನೊಬ್ಬರ ಜೀವ ಉಳಿಸಲು ಪ್ರಾಮಾಣಿಕವಾಗಿ ಹೊಡೆದರೆ ಅಪರಾಧವಲ್ಲ ಅಂತ ಕಲಂ 11 ಹೇಳುತ್ತದೆ. ಹಾಗೆ ಸತ್ತ ಪ್ರಾಣಿಯೂ ಸರಕಾರದ್ದೇ. ಆದರೆ ನೀವು ಆ ಹೊತ್ತಿಗೆ ಬೇರೆ ಅಪರಾಧ ಮಾಡುತ್ತಿರಬಾರದು. ರಾತ್ರಿ ಎರಡು ಗಂಟೆಗೆ ತೋಟಾ ತುಂಬಿದ ಬಂದೂಕು ಹಿಡಿದು ಮಚಾನಿನ ಮೇಲೆ ಕುಳಿತವನು ಆತ್ಮರಕ್ಷಣೆ ಅಂದರೆ ಯಾವ ನ್ಯಾಯಾಧೀಶರೂ ಸುಲಭವಾಗಿ ನಂಬುವುದಿಲ್ಲ. ಅದರ ಮೇಲೆ, 12 ಬೋರ್ ತೋಟಾದ ಛರ್ರೆ (ಸಣ್ಣ ಗುಂಡುಗಳು) ದೂರ ಹೋದಂತೆ ಹರಡುತ್ತದೆ. ಕತ್ತಲಲ್ಲಿ ಹೊಡೆದರೆ ಹಂದಿ ಸಾಯುವುದಕ್ಕಿಂತ ಗಾಯವಾಗುವುದೇ ಜಾಸ್ತಿ. ಗಾಯವಾದ ಹಂದಿ ಬೆಳಿಗ್ಗೆ ಹುಲ್ಲು ಕೊಯ್ಯಲು ಬಂದ ಹೆಂಗಸಿನ ಮೇಲೆ ಬೀಳುತ್ತದೆ. ಆ ಪೊದೆಯ ಆಚೆ ನಿಮ್ಮ ಹಾಗೇ ಕಾವಲು ಕೂತ ಇನ್ನೊಬ್ಬ ರೈತ ಇರಬಹುದು ಅನ್ನುವುದನ್ನೂ ಮರೆಯಬೇಡಿ.

ನಿಮ್ಮ ಜಮೀನು ಮುಳಶಿಯ ಯಾವ ಕಡೆ ಅಂತ ನೀವು ಬರೆದಿಲ್ಲ. ಇದು ಮುಖ್ಯ. ಪಶ್ಚಿಮದ ಘಟ್ಟದ ಕಡೆ ತಾಮ್ಹಿಣಿ ಅಭಯಾರಣ್ಯ ಇದೆ. ಅಭಯಾರಣ್ಯದ ಒಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವುದೇ ತಪ್ಪು, ತೋಟಾ ಇಲ್ಲದಿದ್ದರೂ ತಪ್ಪು. ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗೆ ವಾಸ ಇರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು ಅಂತ ಕಲಂ 34 ಹೇಳುತ್ತದೆ. ಆ ಸುತ್ತಳತೆಯೊಳಗೆ ಹೊಸ ಲೈಸೆನ್ಸ್ ಕೊಡಬೇಕಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ವಾರಾಂತ್ಯಕ್ಕೆ ಹೊಲದ ಮನೆಗೆ ಹೋಗುವಾಗ ಬಂದೂಕನ್ನು ಸುಮ್ನೆ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಊರಿಗೆ ಒಯ್ಯುವ ಮೊದಲೂ ಲೈಸೆನ್ಸಿನಲ್ಲಿ ಕ್ಷೇತ್ರ ಅನ್ನುವ ಕಾಲಂ ನೋಡಿ. ಮಹಾರಾಷ್ಟ್ರ ಅಂತ ಮಾತ್ರ ಇದ್ದರೆ ಕರ್ನಾಟಕದ ಗಡಿ ದಾಟಿದ ಕೂಡಲೇ ಅದು ಲೈಸೆನ್ಸ್ ಇಲ್ಲದ ಬಂದೂಕು. ಖಾನಾಪುರದ ಕಡೆ ಭೀಮಗಡ ಅಭಯಾರಣ್ಯವೂ ಇದೆ.

ಹಾಗಾದರೆ ಮಾಡುವುದೇನು? ಮುಂದಿನ ಸಲ ಹಂದಿ ಬಂದು ಹೋದ ಬೆಳಿಗ್ಗೆ ಹೊಲದಲ್ಲಿ ಏನನ್ನೂ ಸರಿ ಮಾಡಲು ಹೋಗಬೇಡಿ. ಮೂತಿಯಿಂದ ಉತ್ತ ಮಣ್ಣು, ಎರಡು ಗೊರಸಿನ ಗುರುತು, ಕಿತ್ತು ಬಿದ್ದ ಬಳ್ಳಿ, ಅಗಿದು ಉಗುಳಿದ ಶೇಂಗಾ ಸಿಪ್ಪೆ, ಎಲ್ಲ ಹಾಗೇ ಇರಲಿ. ಬಿಸಿಲೇರುವ ಮೊದಲು ಫೋಟೋ ತೆಗೆಯಿರಿ, ಆಗ ನೆರಳು ಓರೆಯಾಗಿ ಬಿದ್ದು ಗುರುತು ಚೆನ್ನಾಗಿ ಕಾಣುತ್ತದೆ. ಅದೇ ದಿನ ಅರಣ್ಯ ಇಲಾಖೆಯ 1926 ನಂಬರಿಗೆ ಫೋನ್ ಮಾಡಿ, ಲಿಖಿತ ಅರ್ಜಿಯನ್ನೂ ಕೊಡಿ. ವನರಕ್ಷಕ, ತಲಾಠಿ (ಗ್ರಾಮ ಲೆಕ್ಕಿಗ), ಕೃಷಿ ಸಹಾಯಕ ಬಂದು ಪಂಚನಾಮೆ ಮಾಡಬೇಕು. ಸಾತ್‌ಬಾರಾ ಉತಾರೆಯಲ್ಲಿ (ನಮ್ಮ ಪಹಣಿಯಂಥ ಜಮೀನು ದಾಖಲೆ) ಶೇಂಗಾ ಅಂತ ಬೆಳೆ ನಮೂದಾಗಿದೆಯೇ ಅಂತ ಮೊದಲೇ ನೋಡಿಕೊಳ್ಳಿ. ಎಷ್ಟೋ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ. ಹೊಲದಲ್ಲಿ ಶೇಂಗಾ, ಉತಾರೆಯಲ್ಲಿ ಪಡ, ಅಂದರೆ ಬೀಳು, ಅಂತ ಇರುತ್ತದೆ. ಜಮೀನು ನಿಮ್ಮ ಹೆಂಡತಿಯ ಹೆಸರಿನಲ್ಲಿದ್ದರೆ ಅರ್ಜಿಗೂ ಅವರದೇ ಸಹಿ ಬೇಕು.

ಮಹಾರಾಷ್ಟ್ರದಲ್ಲಿ ಕಾಡುಹಂದಿ ಮಾಡಿದ ಬೆಳೆ ಹಾನಿಗೆ ಪರಿಹಾರ ಇದೆ. ಪೂರ್ತಿ ನಷ್ಟ ತುಂಬುವುದಿಲ್ಲ, ತಡವೂ ಆಗುತ್ತದೆ, ಆದರೂ ಬಿಡಬೇಡಿ. ನಾನು ಇದನ್ನು ಒತ್ತಿ ಹೇಳುವುದಕ್ಕೆ ದುಡ್ಡು ಒಂದೇ ಕಾರಣವಲ್ಲ. ನಾಳೆ ಕಲಂ 11ರ ಆದೇಶ ಕೇಳಲು ಹೋದಾಗ ಅಧಿಕಾರಿ ಮೊದಲು ಕೇಳುವುದು, 'ಹಾನಿ ಆಗಿದೆ ಅನ್ನುವುದಕ್ಕೆ ಏನಿದೆ?' ಎರಡು ವರ್ಷದಿಂದ ಕಾಟ ಇದೆ ಅಂತ ನೀವು ಬರೆದಿದ್ದೀರಿ. ಆ ಎರಡು ವರ್ಷದ ಒಂದು ಪಂಚನಾಮೆಯೂ ಕೈಯಲ್ಲಿಲ್ಲದಿದ್ದರೆ ಇಲಾಖೆಯ ಲೆಕ್ಕದಲ್ಲಿ ನಿಮ್ಮ ಹೊಲಕ್ಕೆ ಹಂದಿ ಬಂದೇ ಇಲ್ಲ. ಒಂದೇ ಹಂಗಾಮಿನ ಮೂರು ಪಂಚನಾಮೆ, ನಾಲ್ಕೈದು ಅಕ್ಕಪಕ್ಕದ ರೈತರ ಸಹಿ, ಗ್ರಾಮ ಪಂಚಾಯಿತಿಯ ಠರಾವು, ಇಷ್ಟು ಇದ್ದರೆ ಅರ್ಜಿಗೆ ತೂಕ ಬರುತ್ತದೆ. ಅರ್ಜಿಯನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೊಡಿ. ಅದರಲ್ಲಿ 'ನನಗೆ ಹೊಡೆಯಲು ಬಿಡಿ' ಅಂತ ಬರೆಯಬೇಡಿ. 'ಬೆಳೆಗೆ ಹಾನಿ ಮಾಡುತ್ತಿರುವ ಗುಂಪಿನ ಮೇಲೆ ಕಲಂ 11ರಂತೆ ಕ್ರಮ ತೆಗೆದುಕೊಳ್ಳಿ' ಅಂತ ಬರೆಯಿರಿ. ಬಂದೂಕು ಇರುವ ಅರ್ಜಿದಾರ ಹೊಡೆಯುವ ಆಸೆ ತೋರಿಸಿದರೆ ಅಧಿಕಾರಿಗೆ ಅನುಮಾನ ಬರುವುದು ಸಹಜ. ಇಲಾಖೆಯೇ ನಿಮ್ಮನ್ನು ಕೇಳಿದರೆ ಆಗ ಲೈಸೆನ್ಸ್ ಪ್ರತಿ ಕೊಡಿ.

ಆದೇಶ ಬರುತ್ತದೆ ಅಂತ ಭರವಸೆ ಕೊಡಲಾರೆ. ಕೆಲವು ಅಧಿಕಾರಿಗಳು ಬೇಗ ಸ್ಪಂದಿಸುತ್ತಾರೆ, ಕೆಲವು ಕಡೆ ಫೈಲ್ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಕೊಯ್ಲೇ ಮುಗಿದಿರುತ್ತದೆ. ಅದಕ್ಕೆ ಆದೇಶವನ್ನು ನೆಚ್ಚಿಕೊಂಡು ಬೇಲಿ ಬಿಡಬೇಡಿ. ಕಾಡುಹಂದಿ ಒಂದು ಸಲಕ್ಕೆ ನಾಲ್ಕಾರು ಮರಿ ಹಾಕುತ್ತದೆ. ಒಂದು ಹಂದಿ ಹೊಡೆದರೂ ಮುಂದಿನ ಮಳೆಗಾಲಕ್ಕೆ ಇನ್ನೊಂದು ಗುಂಪು ಬರುತ್ತದೆ. ನನ್ನ ಅನುಭವದಲ್ಲಿ ಸೋಲಾರ್ ಬೇಲಿ ಸರಿಯಾಗಿ ಹಾಕಿದವರ ಹೊಲ ಉಳಿದಿದೆ, ಬಂದೂಕು ಹಿಡಿದು ಕುಳಿತವರದ್ದು ಉಳಿದಿಲ್ಲ. ಹಂದಿಗೆ ಬೇಲಿ ಎತ್ತರ ಇರಬೇಕಿಲ್ಲ, ತಗ್ಗಿನಲ್ಲಿರಬೇಕು. ಮೊದಲ ತಂತಿ ನೆಲದಿಂದ ಒಂದು ಗೇಣು, ಎರಡನೆಯದು ಅದರ ಮೇಲೆ ಇನ್ನೊಂದು ಗೇಣು. ಹಂದಿ ಮೂತಿಯಿಂದ ತಳ್ಳುವ ಪ್ರಾಣಿ, ಮೂತಿಗೆ ತಾಗಿದರೆ ತಿರುಗಿ ಹೋಗುತ್ತದೆ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಪವರ್ ಎಲ್ಲ ನೆಲಕ್ಕೆ ಹೋಗುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೆಳಗೆ ಸವರಲೇಬೇಕು. ಅರಣ್ಯದಂಚಿನ ಊರುಗಳಿಗೆ ರಾಜ್ಯದ ಜನ-ವನ ವಿಕಾಸ ಯೋಜನೆಯಲ್ಲಿ ಬೇಲಿಗೆ ಸಹಾಯಧನ ಇದೆ. ನಿಮ್ಮ ಊರು ಅದರಲ್ಲಿ ಬರುತ್ತದೆಯೇ ಅಂತ ವನರಕ್ಷಕರನ್ನೇ ಕೇಳಿ.

ಮನೆಯ ಲೈನಿನಿಂದ ನೇರವಾಗಿ ಕರೆಂಟ್ ಎಳೆದು ತಂತಿ ಬಿಡುವುದನ್ನು ಮಾತ್ರ ಕನಸಿನಲ್ಲೂ ಮಾಡಬೇಡಿ. ಸೋಲಾರ್ ಬೇಲಿಯ ಯಂತ್ರ ಕ್ಷಣದಷ್ಟು ಹೊತ್ತು ಮಾತ್ರ ಶಾಕ್ ಕೊಟ್ಟು ಬಿಡುತ್ತದೆ. ಲೈನಿನ ಕರೆಂಟ್ ಬಿಡುವುದಿಲ್ಲ, ಹಿಡಿದು ಕೊಲ್ಲುತ್ತದೆ. ಹಾಗೆ ಕಟ್ಟಿದ ತಂತಿಗೆ ಕಟ್ಟಿದವನ ಅಣ್ಣನೇ ತಾಗಿ ಸತ್ತ ಕೇಸನ್ನು ನಾನು ನೋಡಿದ್ದೇನೆ. ಆ ಮನೆಯ ಮುಂದೆ ನಿಂತು ಮಾತಾಡಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದು ವಿಷಯ, ಅಪ್ಪನ ಬಂದೂಕು ಸುಮ್ನೆ ಬೀರುವಿನಲ್ಲಿ ಕೂತಿದೆ ಅನ್ನುವ ಬೇಸರ ನಿಮಗಿದ್ದರೆ, ಅದೂ ಅರ್ಥವಾಗುತ್ತದೆ. ಗುರಿ ಹೊಡೆಯುವ ಆಟಕ್ಕೆ ಪುಣೆಯಲ್ಲಿ ಬಾಲೇವಾಡಿಯ ಶ್ರೀ ಶಿವಛತ್ರಪತಿ ಕ್ರೀಡಾ ಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ, ಮುಂಬೈಯ ವರ್ಲಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜ್ ಇದೆ. 'ಸ್ಪೋರ್ಟ್' ಅನ್ನುವ ಪದಕ್ಕೆ ಇವತ್ತು ಅರ್ಥ ಇರುವುದು ಅಲ್ಲಿ. ಲೈಸೆನ್ಸಿನಲ್ಲಿ ಅದನ್ನು ಸೇರಿಸಬೇಕಾದರೆ ಏಜೆಂಟ್ ಬೇಡ, ಕ್ಲಬ್ಬಿನ ಸದಸ್ಯತ್ವ ಪತ್ರ ಇಟ್ಟು ಪೊಲೀಸ್ ಕಮಿಷನರ್ ಕಚೇರಿಯ ಲೈಸೆನ್ಸ್ ವಿಭಾಗಕ್ಕೆ ನೀವೇ ಅರ್ಜಿ ಕೊಡಬಹುದು. ಚಿಂಚ್‌ವಡ ಈಗ ಪುಣೆ ನಗರದ ಕಮಿಷನರೇಟಿನಲ್ಲಿಲ್ಲ, 2018ರಿಂದ ಪಿಂಪ್ರಿ-ಚಿಂಚ್‌ವಡದ್ದೇ ಬೇರೆ ಇದೆ. ನಿಮ್ಮ ಫೈಲ್ ಅಲ್ಲಿಗೆ ಬಂದಿದೆಯೇ ಅಂತ ಒಮ್ಮೆ ವಿಚಾರಿಸಿ. ಅಲ್ಲಿಗೆ ಹೋದಾಗ ನಿಮ್ಮ ಯುಐಎನ್ (ಲೈಸೆನ್ಸುದಾರನಿಗೆ ಕೊಡುವ ಗುರುತಿನ ಸಂಖ್ಯೆ) ಆನ್‌ಲೈನ್ ದಾಖಲೆಯಲ್ಲಿ ಸರಿಯಾಗಿದೆಯೇ, ಬಂದೂಕಿನ ನಂಬರ್ ತಾಳೆಯಾಗುತ್ತದೆಯೇ ಅಂತಲೂ ನೋಡಿಕೊಂಡು ಬನ್ನಿ. ಅಪ್ಪನಿಂದ ಬಂದ ಬಂದೂಕುಗಳಲ್ಲಿ ಒಂದು ಅಂಕಿ ತಪ್ಪಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಹಂದಿ ಮತ್ತೆ ಬರುತ್ತದೆ. ಅದಕ್ಕೆ ಮೊದಲೇ ಉತಾರೆಯಲ್ಲಿ ಬೆಳೆ ನಮೂದು ಮಾಡಿಸಿ, ವನರಕ್ಷಕರ ಫೋನ್ ನಂಬರ್ ತೆಗೆದಿಟ್ಟುಕೊಳ್ಳಿ. ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಮತ್ತು ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಹೊರಡಬೇಡಿ.